ಹೌದು ಒತ್ತಿದವರು

ಅಕ್ಟೋಬರ್ 3, ಶುಕ್ರವಾರ

ರಂಝಾನ್ ಕಳೆದ ಮೇಲೆ ಈ ಪುಸ್ತಕ ಮುಟ್ಟಿರಲಿಲ್ಲ. ಇವತ್ತು ಯಾರಿಗೂ ಹೇಳಲಾಗದ ಮಾತೊಂದು ಹೊಟ್ಟೆಯಲ್ಲಿ ಕೂತಿದೆ, ಅದಕ್ಕೇ ತೆಗೆದೆ. ಕನ್ನಡದಲ್ಲಿ ಬರೆದರೆ ಮಗಳು ಹನಾನ್‌ಗೆ ಓದಲು ಬರುವುದಿಲ್ಲ. ನಮ್ಮ ಇವರಿಗೆ ಬರುತ್ತದೆ, ಆದರೆ ನನ್ನ ಅಕ್ಷರ ಓದುವ ತಾಳ್ಮೆ ಇಲ್ಲ. ಮದುವೆಯ ಹೊಸದರಲ್ಲಿ ನಾನು ಉಳ್ಳಾಲದಿಂದ ಬರೆದ ಪತ್ರಗಳನ್ನೇ ಪೂರ್ತಿ ಓದದ ಮನುಷ್ಯ ಫಾಝಿಲ್.

ಖರ್ಜೂರದ ಸೀಸನ್, ಶುಕ್ರವಾರವೂ ರಜೆ ಇಲ್ಲ. ಅಸರ್ ನಮಾಝ್ ಮುಗಿಸಿ ಇವರು ಪ್ಯಾಕಿಂಗ್ ಕಂಪನಿಯ ಗೋದಾಮಿಗೆ ಹೋದರು. ಅವರು ಹೊರಟದ್ದೇ ಅಮೇರಿಕದಿಂದ ಹನಾನ್ ಫೋನ್ ಮಾಡಿದಳು. ಅಲ್ಲಿ ಬೆಳಿಗ್ಗೆ. ಮುಖ ನೋಡಿದರೆ ನಿದ್ದೆ ಮಾಡಿದ ಹಾಗೆ ಇರಲಿಲ್ಲ.

ಅವಳ ಯೂನಿವರ್ಸಿಟಿಯಲ್ಲಿ ಹೋಮ್‌ಕಮಿಂಗ್ ಅಂತ ಒಂದು ಹಬ್ಬವಂತೆ. ಹಳೆ ವಿದ್ಯಾರ್ಥಿಗಳೆಲ್ಲ ಬರುತ್ತಾರೆ, ಫುಟ್‌ಬಾಲ್ ಆಟ, ಮೆರವಣಿಗೆ. ವಿದ್ಯಾರ್ಥಿಗಳು ಓಟು ಹಾಕಿ ಒಂದು ಜೋಡಿಯನ್ನು ಆರಿಸಿ ತಲೆಗೆ ಕಿರೀಟ ಇಡುತ್ತಾರೆ. ಇಷ್ಟು ವರ್ಷ ಒಬ್ಬ ಹುಡುಗ, ಒಬ್ಬಳು ಹುಡುಗಿ. ಈ ಸಲ ಇಬ್ಬರು ಹುಡುಗಿಯರು, ಇಲ್ಲವೇ ಇಬ್ಬರು ಹುಡುಗರು ಜೋಡಿಯಾಗಿ ನಿಲ್ಲಬಹುದೇ ಎಂದು ದೊಡ್ಡ ಚರ್ಚೆ. ಇಪ್ಪತ್ತನೇ ತಾರೀಕು ವಿದ್ಯಾರ್ಥಿ ಸಂಘದ ಸಭೆಯಲ್ಲಿ ತೀರ್ಮಾನ.

"ಅವರ ಊರು, ಅವರ ಕಿರೀಟ. ನಿನಗೆ ಪರೀಕ್ಷೆ ಯಾವಾಗ?" ಎಂದೆ.

"ಉಮ್ಮಾ, ಹೆಸರು ಕೊಟ್ಟದ್ದು ನಾನು. ನಾನು ಮತ್ತೆ ಮಾನಸ."

ಮಾನಸ ಅವಳ ರೂಮ್‌ಮೇಟ್. ದಾವಣಗೆರೆಯ ಹುಡುಗಿ. ಖರ್ಜೂರ ಕಳಿಸುವಾಗ ಅವಳಿಗೂ ಒಂದು ಪಾಲು ಕಟ್ಟುತ್ತೇನೆ, ಫೋನಿಗೆ ಬಂದು ಚಂದ ಮಾಡಿ "ಆಂಟೀ" ಅನ್ನುತ್ತಾಳೆ. ಹುಡುಗಿಯರು ತಮಾಷೆಗೆ ನಿಂತಿದ್ದಾರೆ ಅಂದುಕೊಂಡೆ.

"ಅವಳು ರೂಮ್‌ಮೇಟ್ ಮಾತ್ರ ಅಲ್ಲ ಉಮ್ಮಾ," ಅಂದಳು.

ನನಗೆ ಅರ್ಥವಾಯಿತು. ಅಷ್ಟು ಬೇಗ ಅರ್ಥವಾದದ್ದೇ ನನ್ನನ್ನು ಹೆಚ್ಚು ಹೆದರಿಸಿತು. "ನೆಟ್‌ವರ್ಕ್ ಸರಿ ಇಲ್ಲ" ಎಂದು ಕಟ್ ಮಾಡಿ, ಕಾಲ್ ಲಿಸ್ಟಿನಿಂದ ಅವಳ ಹೆಸರನ್ನೂ ಅಳಿಸಿದೆ. ಮಗಳು ತಾಯಿಗೆ ಫೋನ್ ಮಾಡಿದ್ದನ್ನು ಅಳಿಸುವುದು ಎಂಥ ಬುದ್ಧಿ? ಆದರೆ ಈ ಸೌದಿ ದೇಶದಲ್ಲಿ ಇಂಥ ಮಾತಿಗೆ ಎಂತ ಶಿಕ್ಷೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಡಿಸೆಂಬರ್ ರಜೆಗೆ ಅವಳು ಇಲ್ಲಿಗೆ, ಹುಫೂಫ್‌ಗೆ, ಬರುವವಳು. ಏರ್‌ಪೋರ್ಟಿನಲ್ಲಿ ಅವಳ ಫೋನ್ ಯಾರಾದರೂ ತೆಗೆದು ನೋಡಿದರೆ?

ಆ ಹುಡುಗಿಗೆ ಇನ್ನು ಒಂದು ಖರ್ಜೂರವೂ ಕಳಿಸುವುದಿಲ್ಲ.

ಅಕ್ಟೋಬರ್ 5, ಭಾನುವಾರ

ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಕೂಡಿಸುವ ಲೆಕ್ಕ ಹೇಳಿಕೊಡುತ್ತಾ ನಾನೇ ತಪ್ಪಿದೆ. ಮಕ್ಕಳು ನಕ್ಕರು.

ಸಂಜೆ ನಾನೇ ಫೋನ್ ಮಾಡಿದೆ. ಹೆಸರು ಹಿಂದೆ ತೆಗೆ ಎಂದೆ. ಮೊದಲು ಮೆತ್ತಗೆ ಹೇಳಿದೆ, ಆಮೇಲೆ ಬೈದೆ, ಆಮೇಲೆ ಅತ್ತೆ. ಮೂರಕ್ಕೂ ಅವಳದು ಒಂದೇ ಉತ್ತರ. ಕಾಲೇಜು ಪೇಪರಿನಲ್ಲಿ ಫೋಟೋ ಬರುತ್ತದೆ, ಬೇರೆಯವರ ಬಾಯಿಯಿಂದ ನಾನು ಕೇಳಬಾರದು ಅಂತ ಹೇಳಿದ್ದಂತೆ. ಅಪ್ಪನಿಗೆ ಹೇಳುವುದನ್ನೂ ನನಗೆ ಬಿಡಲಿಲ್ಲ. "ಉಪ್ಪನಿಗೂ ನಾನೇ ಹೇಳ್ತೇನೆ," ಅಂದಳು.

"ನಿನ್ನ ಕಾಲು ಹಿಡೀತೇನೆ, ಬೇಡ. ಅವರಿಗೆ ಬಿಪಿ ಉಂಟು."

"ಬಿಪಿ ಅಂತ ಎಷ್ಟು ವರ್ಷ ಉಮ್ಮಾ?"

ಇವರು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವರು. ಗೊತ್ತಾದರೆ ಅವಳ ಹೆಸರನ್ನು ಬಾಯಲ್ಲಿ ಎತ್ತದೇ ಇರಬಹುದು. ಇವರ ಅಣ್ಣ ಸ್ವಂತ ಮಗನಿಗೆ ಅದಕ್ಕಿಂತ ಸಣ್ಣ ವಿಷಯಕ್ಕೆ ಹಾಗೆ ಮಾಡಿದ್ದಾರೆ. ಈಗ ಆ ಹುಡುಗ ಎಲ್ಲಿದ್ದಾನೆ ಎಂದು ಕೇಳುವವರೂ ಇಲ್ಲ. ನನಗೆ ಆ ಹೆದರಿಕೆಯೇ ದೊಡ್ಡದು.

ಮಗ್ರಿಬ್ ನಮಾಝ್ ಮುಗಿಸಿ ತುಂಬಾ ಹೊತ್ತು ದುವಾ ಮಾಡಿದೆ. ಆ ಸಭೆಯಲ್ಲಿ ಬೇಡ ಅಂತಲೇ ಆಗಲಿ ಯಾ ಅಲ್ಲಾಹ್. ಆಗ ಹೆಸರು ತಾನಾಗಿ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಅಕ್ಟೋಬರ್ 8, ಬುಧವಾರ

ಮನೆಗೆ ಬೆಂಕಿ ಬಿದ್ದಿದೆ. ಇಟ್ಟವರು ಇವರೇ, ಪಾಪ, ಖುಷಿಯಲ್ಲಿ.

ದುಬೈಯಲ್ಲಿರುವ ಇವರ ತಂಗಿಯ ಮಗ ಇಂಟರ್‌ನೆಟ್ಟಿನಲ್ಲಿ ಕಂಡ ಪೋಸ್ಟರ್ ಕಳಿಸಿದ್ದಾನೆ. ತಲೆಗೆ ಬಟ್ಟೆ ಹಾಕಿದ ಹನಾನ್, ಹಣೆಗೆ ಬೊಟ್ಟು ಇಟ್ಟ ಮಾನಸ. ಕೆಳಗೆ ಇಂಗ್ಲಿಷಿನಲ್ಲಿ, "ನಮಗೂ ನಿಲ್ಲಲು ಬಿಡಿ." ಒಂದು ಲಿಂಕ್. ಒತ್ತಿದರೆ ಕಾಲೇಜು ಪೇಪರಿನ ಪ್ರಶ್ನೆ ಬರುತ್ತದೆ, ಇವರಿಬ್ಬರಿಗೆ ಜೊತೆಯಾಗಿ ನಿಲ್ಲಲು ಅವಕಾಶ ಕೊಡಬೇಕೇ, ಹೌದು, ಇಲ್ಲ. ಹೊರಗಿನವರೂ ಒತ್ತಬಹುದು. ಯಾಕೆ ಅವಕಾಶ ಇಲ್ಲ ಎಂಬುದು ಕೆಳಗೆ ಉದ್ದದ ಲೇಖನದಲ್ಲಿ ಇದೆ. ಉದ್ದದ್ದನ್ನು ಯಾರು ಓದುತ್ತಾರೆ?

ಇವರು ನಮ್ಮ ಊರವರ ಕರಾವಳಿ ಬಳಗದ ಜೊತೆ ಕಾರ್ಯದರ್ಶಿ. ಬಳಗದ ಚುನಾವಣೆಯಲ್ಲಿ ಅಧ್ಯಕ್ಷ, ಕಾರ್ಯದರ್ಶಿ ಎಂದು ಇಬ್ಬರಿಬ್ಬರಾಗಿ ನಿಲ್ಲುವುದು ರೂಢಿ. ಇದೂ ಅಂಥದ್ದೇ ಅಂದುಕೊಂಡು, ನನ್ನನ್ನು ಒಂದು ಮಾತು ಕೇಳದೆ, ಬಳಗದ ಗ್ರೂಪಿಗೆ ಹಾಕಿಬಿಟ್ಟರು. "ನಮ್ಮ ಮಗಳು ಅಮೇರಿಕದ ಯೂನಿವರ್ಸಿಟಿ ಚುನಾವಣೆಗೆ ನಿಂತಿದ್ದಾಳೆ. ಅವಳಿಗೆ ಅವಕಾಶ ನಿರಾಕರಿಸುವ ಪ್ರಯತ್ನ ನಡೆದಿದೆ. ತಾವೆಲ್ಲರೂ ಹೌದು ಒತ್ತಿ ಬೆಂಬಲಿಸಬೇಕಾಗಿ ವಿನಂತಿ."

ಊರಿನ ಕಾಲೇಜುಗಳಲ್ಲಿ ತಲೆಬಟ್ಟೆಯ ಗಲಾಟೆ ಕಂಡವರು ನಮ್ಮವರು. ಯಾರಿಗೂ ಬೇರೆ ಯೋಚನೆಯೇ ಬರಲಿಲ್ಲ. ಬಳಗದ ಅಧ್ಯಕ್ಷ ಮೂಸಬ್ಬ ಹಾಜಿಯವರ ವಾಯ್ಸ್ ಮೆಸೇಜು ಬಂತು: "ಊರಿನಲ್ಲಿ ನಮ್ಮ ಮಕ್ಕಳನ್ನು ಗೇಟಿನಲ್ಲಿ ನಿಲ್ಲಿಸಿದ್ದು ಸಾಕಾಗಲಿಲ್ಲ, ಇನ್ನು ಅಮೇರಿಕದಲ್ಲೂ ಸುರುವಾಯ್ತಾ? ಬೊಟ್ಟು ಇಟ್ಟವಳು, ಬಟ್ಟೆ ಹಾಕಿದವಳು ಒಟ್ಟಿಗೆ ನಿಂತರೆ ಇವರಿಗೆ ಎಂತ ಕಷ್ಟ ಮಾರಾಯ? ಇದು ಸೌಹಾರ್ದದ ಪ್ರಶ್ನೆ. ಒಬ್ಬರೂ ಬಿಡಬಾರದು, ಎಲ್ಲರೂ ಹೌದು ಒತ್ತಿ. ಯಲ್ಲಾ."

ನನಗೆ ನಗು ಬಂತು, ನಿಜ ಹೇಳುತ್ತೇನೆ. ಆಮೇಲೆ ಗ್ರೂಪಿನಲ್ಲಿ ಎಷ್ಟು ಜನ ಇದ್ದಾರೆ ಎಂದು ನೋಡಿದೆ. ಅಷ್ಟು ಜನರಲ್ಲಿ ಒಬ್ಬರು ಆ ಲೇಖನ ಕೆಳಗಿನವರೆಗೆ ಓದಿದರೆ ಸಾಕು. ಈ ದೇಶದ ಮೂಲೆಮೂಲೆಯಿಂದ, ಅಲ್ ಖಫ್ಜಿಯಿಂದ, ಉನೈಜಾದಿಂದ, ಹೆಬ್ಬೆರಳ ಚಿತ್ರಗಳು ಬರುತ್ತಲೇ ಇವೆ. ಒಂದೊಂದು ಬಂದಾಗಲೂ ಓದಿಯೇ ಒತ್ತಿದ್ದೋ ಎಂದು ಹೆಸರು ನೋಡುತ್ತೇನೆ.

"ಅಳಿಸಿ ಅದನ್ನು. ಕಣ್ಣು ಬೀಳ್ತದೆ," ಎಂದೆ ಇವರಿಗೆ.

"ಕಣ್ಣು ಗಿಣ್ಣು ಎಂತ ಶಮೀ," ಎಂದು ನಕ್ಕರು.

ಅಕ್ಟೋಬರ್ 9, ಗುರುವಾರ

ಇವರು ಕೆಲಸದಿಂದ ಬಂದವರು ಕೆಳಗೆ ಕಾರಿನಲ್ಲೇ ತುಂಬಾ ಹೊತ್ತು ಫೋನ್ ನೋಡುತ್ತಾ ಕೂತಿದ್ದರು. ಕಿಟಕಿಯಿಂದ ಕಂಡಿತು. ಮೇಲೆ ಬಂದು ಊಟ ಬೇಡ ಅಂದರು. ಸೀಸನ್‌ನಲ್ಲಿ ಕಫೀಲ್, ಅಂದರೆ ಇವರ ಧಣಿ, ಬೈಯುವುದು ವರ್ಷವರ್ಷದ ಕಥೆ.

ಅಕ್ಟೋಬರ್ 12, ಭಾನುವಾರ

ಜಸ್ನಾ ಓದಿದ್ದಾಳೆ.

ಬಂಟ್ವಾಳದವಳು, ನಮ್ಮ ಶಾಲೆಯಲ್ಲೇ ದೊಡ್ಡ ಕ್ಲಾಸುಗಳಿಗೆ ಇಂಗ್ಲಿಷ್ ಟೀಚರ್. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಹತ್ತಿರ ಬಂದಳು. "ಶಮೀರಾ, ಅದರ ಕೆಳಗೆ ಬರೆದದ್ದು ಓದಿದ್ದೀಯಾ?"

ಇಲ್ಲ ಎಂದೆ. ಅವಳು ನನ್ನ ಮುಖ ನೋಡಿದಳು.

"ಹನಾನ್‌ಗೆ ಹೇಳು, ಅವಳ ಫೋಟೋ ಎಲ್ಲ ಲಾಕ್ ಮಾಡ್ಲಿ. ನಾನು ಯಾರಿಗೂ ಹೇಳುವುದಿಲ್ಲ. ಆದ್ರೆ ನಾನೊಬ್ಬಳೇ ಓದುವವಳು ಅಂತ ಎಣಿಸಬೇಡ."

ಒಳ್ಳೆಯ ಮಾತೇ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ದಿನಾ ನನ್ನ ಪಕ್ಕ ಕೂರುವವಳು ಹಿಂದಿನ ಸೀಟಿಗೆ ಹೋದಳು. ಅಷ್ಟು ವರ್ಷ ನನ್ನ ಡಬ್ಬಿಯ ಪತ್ತಿರ್ ರೊಟ್ಟಿ ತಿಂದವಳು. ಹನಾನ್ ಯಾರ ಮನೆಯ ಅಕ್ಕಿ ಕದ್ದಿದ್ದಾಳೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಹೆದರಿಕೆ ಇರುವವರು ಯಾರನ್ನು ಏನು ಕೇಳುವುದು?

ಆ ಪ್ರಶ್ನೆ ಹೇಗೆ ನಡೆಯುತ್ತಿದೆ ಎಂದು ನೋಡಲು ಲಿಂಕ್ ತೆರೆದೆ. 'ಇಲ್ಲ' ಎಂದವರು ಬಹಳ ಜನ ಇದ್ದಾರೆ. ಮಕ್ಕಳ ಮೇಲೆ ಇಷ್ಟು ಹಟ ಎಂತದ್ದು ಇವರಿಗೆ? ನೋಡುತ್ತಿರುವಾಗ ಬೆರಳು ತಾಗಿ 'ಹೌದು' ಒತ್ತಿಹೋಯಿತು. ಇವರ ಹಳೇ ಫೋನಿನಲ್ಲಿ ನೋಡುವಾಗಲೂ ಹಾಗೇ ತಾಗಿತು.

ಅಕ್ಟೋಬರ್ 14, ಮಂಗಳವಾರ

ಹನಾನ್ ಅಳುತ್ತಾ ಫೋನ್ ಮಾಡಿದಳು. ನನ್ನ ಜೀವ ಅರ್ಧ ಹೋಯಿತು. ಅವಳು ಅಳುತ್ತಿದ್ದದ್ದು ಸಂತೋಷಕ್ಕೆ.

ಹೊರಗಿನಿಂದ ಬಂದ 'ಹೌದು'ಗಳಲ್ಲಿ ಅತಿ ಹೆಚ್ಚು ಸೌದಿಯಿಂದಂತೆ. ಪೇಪರಿನವರಿಗೇ ಆಶ್ಚರ್ಯ. ಅವಳು ವಿಚಾರಿಸಿದಾಗ ದುಬೈಯ ಹುಡುಗ, ಇವರು ಅವನಿಗೂ ಕಳಿಸಿದ್ದ ಆ ಮೆಸೇಜ್ ತೋರಿಸಿದ್ದಾನೆ.

"ಉಮ್ಮಾ, ಉಪ್ಪನೇ ಎಲ್ಲರಿಗೂ ಕಳಿಸಿದ್ದಾ? ನೀನು ಹೇಳಿದ್ಯಾ ಉಪ್ಪನಿಗೆ? ಮೂಸಬ್ಬ ಹಾಜಿ ಸಹ? ಅವರ ಮನೆಯ ಬೀಬಿ ಆಂಟಿ ಸಹ?"

ಹಿಂದಿನಿಂದ ಮಾನಸ "ಥ್ಯಾಂಕ್ಯೂ ಆಂಟೀ" ಎಂದಳು. ಅವಳೂ ಅಳುತ್ತಿದ್ದಳು. ಅವಳ ಮನೆಯವರು ಅವಳ ಫೋನ್ ತೆಗೆಯುವುದು ಬಿಟ್ಟು ತಿಂಗಳಾಯಿತಂತೆ. ಇಬ್ಬರೂ ಸರಿಯಾಗಿ ಊಟ ಮಾಡುತ್ತಿದ್ದಾರೋ ಇಲ್ಲವೋ.

ಇಲ್ಲ ಮಗಳೇ, ಯಾರಿಗೂ ಏನೂ ಗೊತ್ತಿಲ್ಲ ಎಂದು ಹೇಳಬೇಕಿತ್ತು. ಅವಳ ಮುಖ ನೋಡಿ ಬಾಯಿ ಬರಲಿಲ್ಲ. "ಹ್ಞೂಂ," ಎಂದೆ. ಅದಕ್ಕಿಂತ ದೊಡ್ಡ ತಪ್ಪು ನಾನು ಬೇಕೆಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಅಕ್ಟೋಬರ್ 15, ಬುಧವಾರ

ಶುಕ್ರವಾರ ಬಳಗದ ಕೂಟದಲ್ಲಿ ನಮಗೆ ಸನ್ಮಾನವಂತೆ. ದೊಡ್ಡ ಪರದೆಯಲ್ಲಿ ಹನಾನ್ ಜೊತೆ ವೀಡಿಯೋ ಕಾಲ್. ಹಾಜಿಯವರೇ ಅವಳಿಗೆ ಮೆಸೇಜ್ ಮಾಡಿ ಒಪ್ಪಿಸಿದ್ದಾರೆ.

ಅವತ್ತು ಜ್ವರ ಎಂದು ಹೇಳಿ ಮಲಗಿಬಿಡಲೇ?

ಅಕ್ಟೋಬರ್ 17, ಶುಕ್ರವಾರ

ಎಲ್ಲ ಮುಗಿದು ಮನೆಗೆ ಬಂದಿದ್ದೇವೆ. ಅಬಾಯ ತೆಗೆಯದೆ ಹಾಗೇ ಬರೆಯುತ್ತಿದ್ದೇನೆ.

ಹೋಗುವಾಗ ಕಾರಿನಲ್ಲಿ ಇವರಿಗೆ ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಇವರು ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ರಸ್ತೆಯನ್ನೇ ನೋಡುತ್ತಿದ್ದರು. ಏಸಿ ಹಾಕಿದ್ದರೂ ಹಣೆಯಲ್ಲಿ ಬೆವರು. ಸನ್ಮಾನ ಅಂದರೆ ಇವರಿಗೆ ಮೊದಲಿಂದಲೂ ಸಂಕೋಚ. ನಾನು ಬಾಯಿ ಮುಚ್ಚಿದೆ.

ಖರ್ಜೂರದ ತೋಟದ ನಡುವೆ ಬಾಡಿಗೆಗೆ ಹಿಡಿದ ಇಸ್ತಿರಾಹ, ಅಂದರೆ ವಿಶ್ರಾಂತಿ ಮನೆ. ಗಂಡಸರು ಹುಲ್ಲಿನ ಮೇಲೆ, ಹೆಂಗಸರಿಗೆ ಒಳಗೆ ಹಾಲ್, ಅಲ್ಲಿಗೊಂದು ಟೀವಿ. ಜಸ್ನಾ ಬಂದಿರಲಿಲ್ಲ. ಹಾಜಿಯವರ ಹೆಂಡತಿ ಬೀಬಿ ನನ್ನ ಕೈಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದರು. ಕೈ ತೊಳೆದು ಬರುತ್ತೇನೆ ಎಂದು ಎದ್ದು, ನಲ್ಲಿಗಳ ಹತ್ತಿರ ನಿಂತು ಹನಾನ್‌ಗೆ ಫೋನ್ ಮಾಡಿದೆ. ನೀರು ಜೋರಾಗಿ ಬಿಟ್ಟೆ.

"ಮಗಾ, ನಾನು ಸುಳ್ಳು ಹೇಳಿದೆ. ಉಪ್ಪನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಬಟ್ಟೆ, ಬೊಟ್ಟು ಅಂತ ಎಣಿಸಿದ್ದಾರೆ ಇವರೆಲ್ಲ."

ಫೋನ್ ಕಟ್ ಆಯಿತೋ ಎಂದು ನೋಡಿದೆ. ಆಗಿರಲಿಲ್ಲ.

"ಒಬ್ಬರಿಗೂ ಗೊತ್ತಿಲ್ವಾ?" ಎಂದಳು. ಅವಳು ಐದು ವರ್ಷದವಳಿದ್ದಾಗಿನ ಸ್ವರ ಅದು.

"ನನಗೆ ಗೊತ್ತುಂಟಲ್ಲ," ಎಂದೆ. ಅದೇನು ದೊಡ್ಡ ಸಮಾಧಾನವೇ? ಅಷ್ಟು ಹೊತ್ತಿಗೆ ಯಾರೋ ಹೆಂಗಸು ಮಗುವಿನ ಕೈ ತೊಳೆಸಲು ಬಂದರು. ಇಟ್ಟುಬಿಟ್ಟೆ.

ಪರದೆಯ ಮೇಲೆ ಹನಾನ್ ಬಂದಳು. ಕಣ್ಣು ಕೆಂಪಗಿತ್ತು, ನಿದ್ದೆಗೆಟ್ಟು ಓದುತ್ತಾಳೆ ಪಾಪ ಎಂದರು ಬೀಬಿ. ಹನಾನ್ ಸಲಾಂ ಹೇಳಿದಳು. ಬಳಗದವರು ನ್ಯಾಯದ ಪರವಾಗಿ ನಿಂತದ್ದಕ್ಕೆ ಕೃತಜ್ಞತೆ ಎಂದಳು. ಯಾವ ನ್ಯಾಯ ಎಂದು ಹೇಳಲಿಲ್ಲ. ಎಷ್ಟು ಚೆನ್ನಾಗಿ ಅಡಗಿಸಿದಳು! ನಾನೇ ಕಲಿಸಿದ ವಿದ್ಯೆ ಅದು, ನೋಡಲು ಆಗಲಿಲ್ಲ ನನ್ನಿಂದ.

"ಆ ಇನ್ನೊಂದು ಮಗು ಎಲ್ಲುಂಟು? ಅವಳನ್ನೂ ಕರಿ," ಎಂದರು ಹಾಜಿಯವರು ಮೈಕಿನಲ್ಲಿ.

ಮಾನಸ ಬಂದು ಮಂಚದ ತುದಿಯಲ್ಲಿ ಕೂತಳು. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಅಪರಿಚಿತರ ಹಾಗೆ.

"ದೂರ ಎಂತಕ್ಕೆ ಮಕ್ಕಳೇ? ಹತ್ತಿರ ಕೂತುಕೊಳ್ಳಿ, ಫೋಟೋಕ್ಕೆ ಇಬ್ಬರೂ ಬರ್ಲಿ."

ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಸ್ವಲ್ಪವೇ ಸರಿದರು. ಭುಜ ತಾಗಿದ ಕೂಡಲೇ ಹನಾನ್‌ಳ ಮುಖ ನಾನು ಓದಿದೆ, ಇಡೀ ಹಾಲ್ ಓದಿತೋ ಎಂದು ಹಿಂದೆ ತಿರುಗಿ ನೋಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. "ಮಾಶಾ ಅಲ್ಲಾಹ್, ಅಕ್ಕತಂಗಿಯರ ಹಾಗೆ," ಎಂದು ಬೀಬಿ ಕಣ್ಣೊರೆಸಿಕೊಂಡರು.

ಇವರಿಗೆ ಶಾಲು ಹೊದಿಸಿ ಮೈಕ್ ಕೊಟ್ಟರು. ಬಳಗದಲ್ಲಿ ಮೈಕ್ ಸಿಕ್ಕಿದರೆ ಬಿಡದ ಮನುಷ್ಯ. ಇವತ್ತು "ಮಗಳಿಗೆ ದುವಾ ಮಾಡಿ" ಎಂದಷ್ಟೇ ಹೇಳಿ ಕೆಳಗಿಟ್ಟರು.

ಸಭೆಯ ದಿನ ಹತ್ತಿರ ಬಂತು. ಮಕ್ಕಳಿಗೆ ನಿಲ್ಲಲು ಬಿಡಲಿ, ಅಷ್ಟೇ. ಮೊದಲಿನಿಂದಲೂ ನಾನು ಬೇರೇನು ಕೇಳಿದ್ದೇನೆ?

ಅಕ್ಟೋಬರ್ 21, ಮಂಗಳವಾರ

ಬೇಡ ಎಂದಾಯಿತು. ಸ್ವಲ್ಪವೇ ಓಟಿನ ಅಂತರದಲ್ಲಿ.

ಹನಾನ್ ಒಂದು ಸಾಲು ಕಳಿಸಿದ್ದಾಳೆ, ಫೋನ್ ತೆಗೆಯುತ್ತಿಲ್ಲ. ಅನ್ನ ಇಟ್ಟು ಮರೆತು ಪಾತ್ರೆ ತಳಹಿಡಿಯಿತು.

ಗ್ರೂಪಿನಲ್ಲಿ ಬೆಂಕಿ. ಅನ್ಯಾಯ, ಅಕ್ರಮ, ಇಸ್ಲಾಂ ವಿರೋಧಿಗಳು. ಹಾಜಿಯವರು ಊರಿನ ಪತ್ರಿಕೆಗಳಿಗೆಲ್ಲ ಬಳಗದ ಖಂಡನಾ ಹೇಳಿಕೆ ಹೋಗಲೇಬೇಕು, ಮಕ್ಕಳ ಫೋಟೋ ಸಹಿತ, ಎಂದಿದ್ದಾರೆ. ಬರೆಯುವ ಕೆಲಸ ಎಂದಿನಂತೆ ಇವರಿಗೆ. ಪತ್ರಿಕೆಯವರಲ್ಲಿ ಒಬ್ಬನಾದರೂ ಆ ಲೇಖನ ಓದದೆ ಬಿಡುತ್ತಾನೆಯೇ? ಊರಿನಲ್ಲಿ ಒಮ್ಮೆ ಬಂದರೆ ಇಲ್ಲಿಗೆ ಬರಲು ಎಷ್ಟು ಹೊತ್ತು? ಇಲ್ಲಿರಲು ಕೊಟ್ಟ ಇಕಾಮಾ ಪರವಾನಗಿ, ಕೆಲಸ, ಮನೆ, ಎಲ್ಲ ಒಂದೇ ದಿನದಲ್ಲಿ ಹೋಗಬಹುದು. ಅದೆಲ್ಲ ಹೋಗಲಿ ಎನ್ನಬಹುದು, ನನ್ನ ಮಗಳನ್ನು ಹರಿದು ತಿನ್ನುತ್ತಾರೆ.

ಅಕ್ಟೋಬರ್ 22, ಬುಧವಾರ

ಸಂಜೆ ಇವರು ಬೇಗ ಬಂದರು. ಸ್ನಾನ ಮಾಡಿ, ಊಟದ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟು, "ಶಮೀ, ಬರಿ. ನಾನು ಹೇಳ್ತೇನೆ," ಎಂದರು. ಬಳಗದ ಹೇಳಿಕೆಗಳನ್ನು ನಾವು ಬರೆಯುವುದು ಹಾಗೆಯೇ. ಇವರು ಹೇಳುವುದು, ಬಿಎ ಕನ್ನಡದವಳು ಎಂದು ನಾನು ತಿದ್ದಿ ಬರೆಯುವುದು. ಇದೊಂದನ್ನು ಹೇಗೆ ತಪ್ಪಿಸಲಿ ಎಂದು ಯೋಚಿಸುತ್ತಲೇ ಪೆನ್ನು ಹಿಡಿದೆ.

"ಇಬ್ಬರು ಹೆಣ್ಣುಮಕ್ಕಳು ಜೊತೆಯಾಗಿ ನಿಲ್ಲುವುದನ್ನು ತಡೆದಿರುವುದು ಅತ್ಯಂತ ಖಂಡನೀಯ," ಎಂದರು.

"ಇಬ್ಬರು ಗೆಳತಿಯರು ಅಂತ ಹಾಕುವುದಾ?" ಎಂದೆ. ಹಾಗೆ ಬರೆದರೆ ಓದುವವರಿಗೆ ಬೇರೆ ಸಂಶಯ ಬಾರದು ಎಂದು ನನ್ನ ಲೆಕ್ಕ.

"ಗೆಳತಿಯರು ಅಂತ ಹಾಕಬೇಡ. ಗೆಳತಿಯರು ಮಾತ್ರ ಅಲ್ಲ ಅಂತ ನನಗೆ ಗೊತ್ತುಂಟು."

ನನ್ನ ಕೈ ನಿಂತಿತು. ಇವರು ಹಾಳೆಯನ್ನೇ ನೋಡುತ್ತಿದ್ದರು.

"ಗ್ರೂಪಿಗೆ ಹಾಕಿದ ಮರುದಿನವೇ ಓದಿದೆ. ಗೋದಾಮಿನಲ್ಲಿ ಬಿಡುವಿತ್ತು. ಮೂರು ಸಲ ಓದಿದೆ, ನನ್ನ ಇಂಗ್ಲಿಷ್ ತಪ್ಪಿರಬೇಕು ಅಂತ."

"ಮತ್ತೆ ಯಾಕೆ ಅಳಿಸಲಿಲ್ಲ?"

"ಅಳಿಸಿದ್ರೆ ಯಾಕೆ ಅಳಿಸಿದೆ ಅಂತ ಕೇಳ್ತಾರೆ. ಆಮೇಲೆ ಎಲ್ಲರೂ ಓದ್ತಾರೆ. ಹೆದರಿಕೆ ಆಯ್ತು ಶಮೀ. ನಿನಗೆ ಹೇಳಲೂ ಹೆದರಿಕೆ. ನೀನು ಅವಳನ್ನು ಬಿಟ್ಟುಬಿಡ್ತಿ ಅಂತ ಎಣಿಸಿದೆ."

ನಾನು ಬಿಡುತ್ತೇನೆ ಎಂದು ಇವರು, ಇವರು ಬಿಡುತ್ತಾರೆ ಎಂದು ನಾನು. ಒಂದೇ ಮನೆಯಲ್ಲಿ ಇಷ್ಟು ದಿನ ಕಳ್ಳರ ಹಾಗೆ ಓಡಾಡಿದೆವು. ನನಗೆ ಸಿಟ್ಟು ಬಂತು, ಅಳುವೂ ಬಂತು. ಇವರು ನೀರು ತಂದುಕೊಟ್ಟರು.

ಬಳಗಕ್ಕೆ ಏನು ಹೇಳುವುದು ಎಂದು ಕೇಳಿದೆ. ಮಗಳಿಗೆ ಪರೀಕ್ಷೆ, ವಿಷಯ ಇಲ್ಲಿಗೇ ನಿಲ್ಲಿಸಬೇಕಾಗಿ ವಿನಂತಿ ಎಂದು ಇವರೇ ಹಾಜಿಯವರಿಗೆ ಫೋನ್ ಮಾಡಿ ಹೇಳಿದರು. ಹಾಜಿಯವರು ಬೇಸರದಲ್ಲಿ ಒಪ್ಪಿದರು. ಒಪ್ಪಿದ್ದಾರೆ ಎಂದು ನಂಬಿದ್ದೇವೆ.

ಆಮೇಲೆ ಖಂಡನೆಯನ್ನು ಪೂರ್ತಿ ಮಾಡಿದೆವು. ಇವರು ಬಾಗಿಲು ಹಾಕಿ, ಎದ್ದು ನಿಂತು, ಸಭೆಯಲ್ಲಿ ಓದುವ ಸ್ವರದಲ್ಲಿ ಹನಾನ್‌ಗೆ ವಾಯ್ಸ್ ಮೆಸೇಜು ಮಾಡಿದರು. "ಇಬ್ಬರು ಹೆಣ್ಣುಮಕ್ಕಳು ಜೊತೆಯಾಗಿ ನಿಲ್ಲುವುದನ್ನು ತಡೆದಿರುವುದು ಅತ್ಯಂತ ಖಂಡನೀಯ. ಅವರು ಯಾರಿಗೂ ಕೇಡು ಬಗೆದವರಲ್ಲ. ಸದರಿ ತೀರ್ಮಾನವನ್ನು ಮಕ್ಕಳ ಪೋಷಕರು ತೀವ್ರವಾಗಿ ವಿರೋಧ ವ್ಯಕ್ತಪಡಿಸುತ್ತಾ..." ಅಲ್ಲಿ ವ್ಯಾಕರಣ ತಪ್ಪಿತು, ನಾನು ತಿದ್ದಲಿಲ್ಲ. "ಮಗಳು ಊಟ ಬಿಡಬಾರದೆಂದು ಈ ಮೂಲಕ ಒತ್ತಾಯಿಸುತ್ತಾರೆ."

"ಈ ಕನ್ನಡ ಅವಳಿಗೆ ಎಲ್ಲಿ ಅರ್ಥ ಆಗ್ತದೆ?" ಎಂದೆ.

"ಮಾನಸ ಉಂಟಲ್ಲ. ಅವಳು ಹೇಳಿಕೊಡ್ತಾಳೆ," ಎಂದರು.

ಅವಳು ಕೇಳಿದ ಗುರುತು ಬಂದದ್ದೇ ತಮ್ಮದು, ಅವಳದು, ಎರಡೂ ಫೋನಿನಿಂದ ಇವರು ಅದನ್ನು ಅಳಿಸಿದರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಇಬ್ಬರೂ ಅತ್ತರಂತೆ, ಈಗ ನೂಡಲ್ಸ್ ಮಾಡುತ್ತಿದ್ದಾರಂತೆ. ಕೊನೆಗೆ, "ಉಪ್ಪಾ, ಡಿಸೆಂಬರ್ ಟಿಕೆಟ್ ಬುಕ್ ಮಾಡ್ತೇನೆ. ನಿಮ್ಮನ್ನು ನೋಡಬೇಕು."

ಇವರು ಕುರ್ಚಿಯಲ್ಲಿ ಕೂತುಬಿಟ್ಟರು. ಅವಳ ಹೆಸರು, ಮುಖ, ಆ ಲಿಂಕ್, ಎಲ್ಲ ಈಗ ಈ ದೇಶದಲ್ಲಿ ಎಷ್ಟೋ ಫೋನುಗಳಲ್ಲಿದೆ. ಯಾರು ಓದಿದ್ದಾರೆ, ಯಾರು ಓದಲಿದ್ದಾರೆ, ಯಾರು ಸುಮ್ಮನಿದ್ದಾರೆ, ನಮಗೆ ಗೊತ್ತಿಲ್ಲ. ಹಾಕಿದ್ದು ಇವರು. ನಮಗೆ ಅಮೇರಿಕದ ವೀಸಾ ಸಿಗುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.

"ಇಲ್ಲಿಗೆ ಬರುವುದು ಬೇಡ ಮಗಾ, ನಾವೇ ಬರ್ತೇವೆ" ಎಂದು ನಿಧಾನಕ್ಕೆ ಟೈಪ್ ಮಾಡಿ ಫೋನನ್ನು ನನ್ನ ಮುಂದೆ ಇಟ್ಟರು. ಕಳಿಸುವ ಗುಂಡಿ ಒತ್ತಲು ಇವರಿಂದ ಆಗಲಿಲ್ಲ. ನಾನು ಒತ್ತಿದೆ.